ಅಟ್ಟೆಯಣ್ಣ ನೋಡದ ಹೊಸ ತೀರ

ಆ ಪುಟ್ಟ ದ್ವೀಪದ ಬಂಡೆಗಳು ಚಪ್ಪಲಿ ತಿಂದೇ ಬದುಕಿದಂತಿದ್ದವು. ಬೆಂಕಿಬೆಟ್ಟ ಉಗುಳಿದ ಕಲ್ಲು ಆರಿ ಕಪ್ಪಾಗಿ, ಕಡಲಂಚಿನುದ್ದಕ್ಕೂ ಗರಗಸದ ಹಲ್ಲಿನಂತೆ ನಿಂತಿತ್ತು. ಹೊಸ ಅಟ್ಟೆಯೂ ಎರಡು ತಿಂಗಳು ಬಾಳಿದರೆ ಪುಣ್ಯ. ಹಾಗಾಗಿ ಬಸ್ ನಿಲ್ದಾಣದ ಎದುರು ಚಪ್ಪಲಿ ರಿಪೇರಿ ಅಂಗಡಿ ಇಟ್ಟಿದ್ದ ಅಟ್ಟೆಯಣ್ಣನಿಗೆ ಕೈತುಂಬ ಕೆಲಸ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿರಬೇಕು, ಬಿಡಿ.

ಅಟ್ಟೆ ತಿರುಗಿಸಿ ನೋಡಿದರೆ ಸಾಕು, ಹಾಕಿಕೊಂಡವರು ಎಲ್ಲಿ ಅಲೆದು ಬಂದರೆಂದು ಹೇಳಿಬಿಡುತ್ತಿದ್ದ. ಕೆಂಪು ದೂಳಾದರೆ ಬೆಟ್ಟದ ನೆತ್ತಿ, ಹಸಿರು ಹರಳಾದರೆ ಉತ್ತರದ ಕೊಲ್ಲಿ, ಕರಿಮರಳಾದರೆ ಹೊಸ ತೀರ. ಆ ಕರಿಮರಳು ಕಂಡಾಗ ಮಾತ್ರ ಅವನ ದಬ್ಬಣ ಒಂದು ಗಳಿಗೆ ನಿಲ್ಲುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಬೆಟ್ಟ ಉಕ್ಕಿ ಸಮುದ್ರಕ್ಕೆ ಸುರಿದಾಗ ಹುಟ್ಟಿದ ತೀರ ಅದು. ಅದಕ್ಕೆ ಒಂದು ವರ್ಷ ಮೊದಲೇ ಅವನ ಬಲಗಾಲು ಮುರಿದು ಸೊಟ್ಟಗೆ ಕೂಡಿತ್ತು. ಊರಿಗೆ ಊರೇ ಬಂಡೆ ಹತ್ತಿಳಿದು ಹೋಗಿ ನೋಡಿ ಬಂತು. ಇವನು ಕಂಡದ್ದು ಅಟ್ಟೆಗೆ ಅಂಟಿಕೊಂಡು ಬಂದಷ್ಟು ಮಾತ್ರ. ಮರಳಿನಲ್ಲಿ ನೋಡುವುದೇನಿದೆ ಎಂದು ಬಂದವರ ಮುಂದೆ ಗೊಣಗುತ್ತಿದ್ದ. ಕೈಗೆಟುಕದ ದ್ರಾಕ್ಷಿ ಹುಳಿ, ಅಷ್ಟೇ. ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಒಳಗೊಳಗೇ ಜೀವ ಬಡಿದುಕೊಳ್ಳುತ್ತಿತ್ತು.

ಒಂದು ದಿನ ಹೆಂಡತಿಯ ಚಪ್ಪಲಿ ಕೈಗೆ ಬಂತು. ಅಕ್ಕನ ಮನೆಗೆ ಹೋಗಿಬರುತ್ತೇನೆಂದು ಮಧ್ಯಾಹ್ನ ಮಧ್ಯಾಹ್ನ ಹೊರಡುತ್ತಿದ್ದವಳು ಅವಳು. ಅಕ್ಕನ ಮನೆಯ ದಾರಿಯೋ ಸಿಮೆಂಟಿನದು. ಅಟ್ಟೆ ನೋಡಿದರೆ ಕೋಳಿ ಕೆದರಿದಂತಿದೆ! ಹೊಸ ತೀರದ ದಾರಿಯ ಬಂಡೆ ಮಾಡಿದ ಗೀರೇ ಅದು, ಸಂಶಯವಿಲ್ಲ. ಆದರೆ ಕರಿಮರಳು ಒಂದು ಕಾಳೂ ಇಲ್ಲ. ಅಷ್ಟು ದೂರ ಹೋದವಳು ತೀರಕ್ಕೆ ಇಳಿಯದೆ ಬಂದಳೇ? ಅವನ ತಲೆ ಕೆಟ್ಟುಹೋಯಿತು. ಕೇಳಿದರೆ ಜಗಳ, ಕೇಳದಿದ್ದರೆ ನಿದ್ದೆಯಿಲ್ಲ. ಕೊನೆಗೆ ಬಾಯಿ ಮುಚ್ಚಿಕೊಂಡು, ಹಳೇ ಟೈರಿನ ದಪ್ಪ ಅಟ್ಟೆ ಹೊಲಿದು ಕೊಟ್ಟ.

ಅವಳೇನು ದಡ್ಡಿಯೇ? ದಪ್ಪ ಅಟ್ಟೆ ಕಂಡ ಕೂಡಲೇ ಗುಟ್ಟು ರಟ್ಟಾಯಿತೆಂದು ತಿಳಿದು ನಕ್ಕುಬಿಟ್ಟಳು. ಇವನ ಕಾಲಿಗೆ ಆಗುವಂಥ ದಾರಿ ಹುಡುಕುತ್ತಿದ್ದಳಂತೆ. ಬಂಡೆಯ ಮೇಲೆ ಹತ್ತು ಸಲ ಹುಡುಕಿ ಸೋತು, ಹನ್ನೊಂದನೆಯ ಸಲ ಕಡಲು ಇಳಿದ ಹೊತ್ತಿನಲ್ಲಿ ಸಿಕ್ಕಿತಂತೆ. ಬಂಡೆಯ ಬುಡದಲ್ಲೇ ಮೊಣಕಾಲುದ್ದ ನೀರು, ಅಡಿಯಲ್ಲಿ ಸಮತಟ್ಟು ನೆಲ. ಮೊದಲೇ ಹೇಳಿ, ಆಮೇಲೆ ದಾರಿ ಸಿಗದೆ ಹೋದರೆ ಇವನ ಮನಸ್ಸು ಮುರಿಯುತ್ತದೆಂದು ಬಾಯಿ ಬಿಟ್ಟಿರಲಿಲ್ಲ.

ಮರುದಿನವೇ ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೊರಟರು. ಅಟ್ಟೆಯಣ್ಣ ಚಪ್ಪಲಿ ಕಂಕುಳಿಗೆ ಸಿಕ್ಕಿಸಿ, ಅವಳ ಹೆಗಲು ಹಿಡಿದು, ನೀರಿನಲ್ಲಿ ಕಾಲೆಳೆಯುತ್ತ, ಎರಡು ಸಲ ಮುಗ್ಗರಿಸಿ, ಒಂದು ಸಲ ಕಡಲಿಗೇ ಬೈದು, ಅಂತೂ ಇಂತೂ ಕೊನೆಯ ತಿರುವು ದಾಟಿದ. ಎದುರಿಗೆ ಮಿರಮಿರ ಮಿಂಚುವ ಕಪ್ಪು ತೀರ, ಅದರ ಅಂಚಿಗೆ ಬೆಳ್ಳನೆಯ ನೊರೆ. ಅವನು ಕಣ್ತುಂಬ ನೋಡಿದ. ಪಕ್ಕಕ್ಕೆ ತಿರುಗಿದರೆ ಅವಳೂ ಕಣ್ಣರಳಿಸಿಕೊಂಡು ನಿಂತಿದ್ದಾಳೆ.

"ನೀನ್ಯಾಕೆ ಹೀಗೆ ನೋಡ್ತಿದ್ದೀಯ? ಹನ್ನೊಂದು ಸಲ ಬಂದವಳು ನೀನು."

"ಈ ತಿರುವಿನ ತನಕ ಬರ್ತಿದ್ದೆ ರೀ, ಆಚೆ ಇಣುಕಿರಲಿಲ್ಲ" ಎಂದಳು ಅವಳು. "ಇಪ್ಪತ್ತು ವರ್ಷದಿಂದ ನಾನೂ ನೋಡಿಲ್ಲ. ನಿಮ್ಮನ್ನ ಬಿಟ್ಟು ಹೇಗೆ ನೋಡ್ಲಿ?"