ಕೆಂಪಂಗಿಯವರು ಗೆಲ್ಲುತ್ತಾರೆಂದು ನಾನು ಬರೆದಿರಲಿಲ್ಲ

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಬಸ್ ಸ್ಟ್ಯಾಂಡಿನ ಹತ್ತಿರ ಕೇರಳದವನೊಬ್ಬ ಟಯರ್ ಅಂಗಡಿ ಇಟ್ಟುಕೊಂಡಿದ್ದ. ಊರೆಲ್ಲ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದಾಗ ಫುಟ್ಬಾಲ್ ಮಾತಾಡಲು ನನಗೆ ಅವನು, ಅವನಿಗೆ ನಾನು. ಇಂಗ್ಲೆಂಡಿನ ಪಂದ್ಯಗಳ ಫಲಿತಾಂಶವನ್ನು ಅವನು ರೇಡಿಯೋದ ಗರಗರದೊಳಗಿಂದಲೇ ಹೆಕ್ಕಿ ಬರೆದಿಡುತ್ತಿದ್ದ. ಭಾನುವಾರ ನಾನು ಹೋಗಿ ಹಳೇ ಟಯರಿನ ಮೇಲೆ ಕೂತರೆ ಎದ್ದೇಳುವುದು ಊಟದ ಹೊತ್ತಿಗೇ. ಅಲ್ಲಿನ ತಂಡಗಳ ಉದ್ದುದ್ದ ಹೆಸರು ನಮ್ಮ ಬಾಯಲ್ಲಿ ಉಳಿಯುತ್ತಿರಲಿಲ್ಲ. ಒಂದು ಕೆಂಪಂಗಿಯವರು, ಇನ್ನೊಂದು ನೀಲಿ ಅಂಗಿಯವರು, ಅಷ್ಟೇ.

ಮಂಡ್ಯದ ಒಂದು ಸಣ್ಣ ವಾರಪತ್ರಿಕೆಗೆ ನಾನು ಆಗಾಗ ಬರೆಯುತ್ತಿದ್ದೆ. ಆ ವರ್ಷ ಸಂಪಾದಕರು, 'ಏನಾದ್ರೂ ಹೊಸ್ದಾಗಿ ಕೊಡಿ ಮೇಷ್ಟ್ರೇ' ಅಂದರು. ಇಂಗ್ಲೆಂಡಿನ ದೊಡ್ಡ ತಂಡಗಳು ಮುಂದಿನ ಸೀಸನ್ನಿನಲ್ಲಿ ಹೇಗೆ ಆಡಬಹುದು ಎಂದು ಬರೆಯುತ್ತೇನೆ ಅಂದೆ. ಬೇಸಿಗೆ ರಜೆಯೆಲ್ಲ ನಾನೂ ಗೆಳೆಯನೂ ಅದರಲ್ಲೇ ಕಳೆದೆವು. ಅವನ ಎರಡು ವರ್ಷದ ನೋಟ್‌ಬುಕ್ ಮುಂದಿಟ್ಟುಕೊಂಡು, ಯಾರು ಹೊರಗಿನ ಊರಲ್ಲಿ ಸೋತರು, ಯಾರು ಕೊನೇ ಹತ್ತು ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟರು ಎಂದೆಲ್ಲ ಲೆಕ್ಕ ಹಾಕಿದೆವು. ಜಗಳವಾಡಿ ಜಗಳವಾಡಿ ಒಂದು ತೀರ್ಮಾನಕ್ಕೆ ಬಂದೆವು: ನೀಲಿಯವರು ಮೊದಲು, ಕೆಂಪಿನವರು ನಾಲ್ಕನೆಯವರು. ಕೆಂಪಿನವರ ಡಿಫೆಂಡರುಗಳಿಗೆ ವಯಸ್ಸಾಗಿದೆ, ಚಳಿಗಾಲ ಬಂದರೆ ಓಡಲಾರರು ಎನ್ನುವುದು ನಮ್ಮ ವಾದ. ಎಂಟು ಹಾಳೆ ಬರೆದು ಕಳಿಸಿದೆ. ನಕಲು ಇಟ್ಟುಕೊಳ್ಳಲಿಲ್ಲ.

ಪತ್ರಿಕೆ ಬಂದ ದಿನ ಅಂಗಡಿಗೆ ಹೋದರೆ ಗೆಳೆಯ ತಲೆಯೆತ್ತಲಿಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದುತ್ತಲೇ, 'ಎರಡು ತಿಂಗ್ಳು ನನ್ ಜೊತೆ ಕೂತಿದ್ದು ಇದಕ್ಕಾ ಮೇಷ್ಟ್ರೇ?' ಅಂದ. ಪತ್ರಿಕೆ ತೆಗೆದು ನೋಡಿದೆ. ನನ್ನ ಹೆಸರು, ನನ್ನ ಲೇಖನ. ಕೆಂಪಿನವರು ಮೊದಲು, ನೀಲಿಯವರು ನಾಲ್ಕನೆಯವರು! ಪಟ್ಟಿ ಮಾತ್ರವಲ್ಲ, ಲೇಖನದುದ್ದಕ್ಕೂ ಕೆಂಪು ಇದ್ದಲ್ಲಿ ನೀಲಿ, ನೀಲಿ ಇದ್ದಲ್ಲಿ ಕೆಂಪು. ನೀಲಿಯವರ ಎಳೇ ಹುಡುಗರೆಲ್ಲ ಒಂದೇ ವಾರದಲ್ಲಿ ಮುದುಕರಾಗಿಬಿಟ್ಟಿದ್ದರು.

'ನಾನು ಹೀಗೆ ಬರೆದಿಲ್ಲ ಕಣಯ್ಯ' ಅಂದೆ.

'ನಿಮ್ ಹೆಸ್ರೇ ಐತಲ್ಲ' ಅಂದ. ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದ.

ಮಾರನೆಯ ದಿನ ರಜೆ ಹಾಕಿ ಮಂಡ್ಯದ ಬಸ್ಸು ಹತ್ತಿದೆ. ಸಂಪಾದಕರು ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ.

'ಯಾಕ್ ಸಾರ್ ಹಿಂಗ್ ಮಾಡಿದ್ರಿ?'

'ಅಯ್ಯೋ ಬುಡಿ ಮೇಷ್ಟ್ರೇ. ನಮ್ತಾವ ಇದ್ದುದ್ದು ಕೆಂಪಂಗಿಯೋರ ಫೋಟೊ ಒಂದೇಯ. ನಾಕನೇ ನಂಬರಿನೋರ ಫೋಟೊ ಅಷ್ಟು ದೊಡ್ಡದಾಗಿ ಹಾಕಕ್ಕಾಯ್ತದಾ? ಅದ್ಕೇ ಒಸಿ ಅದ್ಲು ಬದ್ಲು ಮಾಡ್ದೋ.'

ಮೈಯೆಲ್ಲ ಉರಿದುಹೋಯಿತು. ತಿದ್ದುಪಡಿ ಹಾಕಿ ಅಂದೆ. 'ಮಂಡ್ಯದಲ್ಲಿ ಇದ್ನ ಯಾರ್ ಓದ್ತರೆ?' ಅಂದರು. ಓದುವವರಿಲ್ಲದಿದ್ದರೆ ಅಚ್ಚು ಹಾಕಿದ್ದೇಕೆ? ನನ್ನ ಹಾಳೆಗಳನ್ನಾದರೂ ವಾಪಸ್ ಕೊಡಿ ಅಂದೆ. ರದ್ದಿಗೆ ಹೋಗಿದ್ದವು.

ಊರಿಗೆ ಬಂದು ಹೇಳಿದರೆ ಗೆಳೆಯ ನಂಬಲಿಲ್ಲ, ತೋರಿಸಲು ನನ್ನ ಹತ್ತಿರ ಹಾಳೆಗಳೂ ಇರಲಿಲ್ಲ. ಅಂದಿನಿಂದ ನನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ, ಮಾತಾಡುತ್ತಿರಲಿಲ್ಲ. ಇಡೀ ಸೀಸನ್ ಹಾಗೇ ಹೋಯಿತು. ಕೊನೆಗೆ ಗೆದ್ದದ್ದು ಯಾರು? ಕೆಂಪಂಗಿಯವರು!

ಸಂಪಾದಕರನ್ನು ಹಿಡಿಯುವವರೇ ಇಲ್ಲ. 'ನಮ್ಮ ಪತ್ರಿಕೆಯ ಭವಿಷ್ಯ ನಿಜವಾಯಿತು' ಎಂದು ಮುಖಪುಟದಲ್ಲೇ ಹಾಕಿದರು. ಸ್ಟಾಫ್ ರೂಮಿನಲ್ಲಿ ನನ್ನ ಕೈ ಕುಲುಕಿದರು. ಒಬ್ಬರು ಮಗಳ ಜಾತಕ ತೋರಿಸಲೇ ಎಂದು ಕೇಳಿದರು, ತಮಾಷೆಗಲ್ಲ. ಬೈಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಾನು ಹೇಳದೇ ಇದ್ದುದಕ್ಕೆ ಹೊಗಳಿಸಿಕೊಳ್ಳುವುದು ಕೆನ್ನೆಗೆ ಹೊಡೆಸಿಕೊಂಡಂತಿತ್ತು. ನಮ್ಮ ಊಹೆ ತಪ್ಪಿತ್ತು, ನಿಜ. ಆದರೆ ಅದು ನಾವು ಕೂತು ಯೋಚಿಸಿ ಮಾಡಿದ ತಪ್ಪು. ಅದನ್ನು ಕಿತ್ತುಕೊಳ್ಳಲು ಇವರು ಯಾರು?

ಪತ್ರಿಕೆಯ ವಾರ್ಷಿಕೋತ್ಸವ ಶ್ರೀರಂಗಪಟ್ಟಣದಲ್ಲಿ ನಡೆಯಿತು. ನನಗೆ ಸನ್ಮಾನವಂತೆ. ಬೇಡವೆಂದು ಎರಡು ಸಲ ಹೇಳಿಕಳಿಸಿದೆ. ಆಮೇಲೆ ಹೋಗುವುದೇ ಸರಿ ಅನ್ನಿಸಿತು. ಶಾಲು ಹೊದಿಸಲು ಬಂದಾಗ ಕೈಯಲ್ಲಿ ತಡೆದು ಮೈಕಿನ ಮುಂದೆ ನಿಂತೆ. 'ನಾನು ಬರೆದದ್ದು ನೀಲಿಯವರು ಗೆಲ್ಲುತ್ತಾರೆಂದು. ಇವರು ಒಂದು ಫೋಟೊಗಾಗಿ ತಿರುಚಿದರು. ಈ ಶಾಲು ನನ್ನದಲ್ಲ' ಅಂದೆ.

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. 'ನೋಡಿ, ಎಷ್ಟು ದೊಡ್ಡತನ!' ಎಂದು ಸಂಪಾದಕರು ಹಿಂದಿನಿಂದ ಶಾಲು ಹೊದಿಸಿಯೇಬಿಟ್ಟರು. ಅದನ್ನು ಕುರ್ಚಿಯ ಮೇಲೆ ಹಾಕಿ ಕೆಳಗಿಳಿದೆ.

ಆ ಸಭೆಯಲ್ಲಿ ಕಿರಂಗೂರಿನ ಟ್ರಾಕ್ಟರ್ ಡ್ರೈವರೊಬ್ಬ ಇದ್ದನಂತೆ. ವಾರ ಕಳೆದು ಟಯರ್ ರಿಪೇರಿಗೆ ಹೋದಾಗ ನನ್ನ ಗೆಳೆಯನಿಗೆ ಎಲ್ಲ ಹೇಳಿದ್ದಾನೆ. ಅಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಗೆಳೆಯ ಗೇಟಿನ ಹತ್ತಿರ ನಿಂತಿದ್ದ, ಕೈಯ ಮಸಿಯನ್ನೂ ತೊಳೆದಿರಲಿಲ್ಲ.

'ಗೆದ್ ಮ್ಯಾಲೂ ಸೋತೆ ಅಂತ ಯಾರ್ ಸುಳ್ ಹೇಳ್ತಾರೆ ಮೇಷ್ಟ್ರೇ? ತಪ್ಪಾಯ್ತು' ಅಂದ.

ಇಬ್ಬರೂ ಹೋಟೆಲಿನಲ್ಲಿ ಟೀ ಕುಡಿದೆವು. ಅವನು ಹೊಸ ಸೀಸನ್ನಿನ ಮಾತು ತೆಗೆದ, ನಾನು ಹೂಂಗುಟ್ಟಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಆ ಪತ್ರಿಕೆಗೆ ಮತ್ತೆ ಒಂದಕ್ಷರ ಬರೆಯಲಿಲ್ಲ. ತಪ್ಪಾಯ್ತು ಅಂದವನು ಏನೂ ತಪ್ಪು ಮಾಡದ ಅವನು. ಅನ್ನಬೇಕಾದವರು ಇವತ್ತಿನವರೆಗೂ ಅಂದಿಲ್ಲ.