ಬೊಲಿವಿಯಾದ ಪರವಾಗಿ

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದುವಾಗ ನಮ್ಮದೊಂದು ವಿದ್ಯಾರ್ಥಿ ಸಂಘವಿತ್ತು. ವರ್ಷಕ್ಕೊಮ್ಮೆ ವಿಶ್ವಸಂಸ್ಥೆಯ ಅಣಕು ಅಧಿವೇಶನ ನಡೆಸುತ್ತಿದ್ದೆವು; ಒಬ್ಬೊಬ್ಬರೂ ಒಂದೊಂದು ದೇಶದ ಪರ ಮಾತಾಡಬೇಕು. ಚೀಟಿ ಎತ್ತಿದಾಗ ನನಗೆ ಬಂದದ್ದು ಬೊಲಿವಿಯಾ. ಶತಮಾನಕ್ಕೂ ಹಿಂದೆ ಯುದ್ಧದಲ್ಲಿ ತನ್ನ ಕರಾವಳಿಯನ್ನೆಲ್ಲ ಚಿಲಿಗೆ ಕಳೆದುಕೊಂಡು, ಇಂದಿಗೂ ಸಮುದ್ರ ಬೇಕೆಂದು ಕೇಳುತ್ತಲೇ ಇರುವ ದೇಶ. ಚಿಲಿ ಬಂದದ್ದು ಬೋಗಾದಿಯಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳತಿಗೆ.

ನಾನಾಗ ಸಮುದ್ರವನ್ನೇ ನೋಡಿರಲಿಲ್ಲ. ಆದರೂ "ನಮ್ಮ ಸಮುದ್ರ ನಮಗೆ ಕೊಡಿ" ಎಂದು ಮೇಜು ಗುದ್ದಿ ಕೇಳಿದೆ. ಅವಳು ಎದ್ದು ನಿಂತು, ಒಂದು ಅಂಗುಲವೂ ಇಲ್ಲ ಎಂದಳು, ಅದೂ ನಗುತ್ತ. ಅತ್ಯುತ್ತಮ ಪ್ರತಿನಿಧಿಯ ಫಲಕ ಅವಳಿಗೇ ಹೋಯಿತು. ದಾರಿಯುದ್ದಕ್ಕೂ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ರೂಮಿಗೆ ಬಂದ ಮೇಲೆ ಅವಳೇ ಟೀ ಕಾಯಿಸಿ ಕೊಟ್ಟು, "ಬೇಜಾರ್ ಮಾಡ್ಕೋಬೇಡ ಕಣೇ, ನಾನು ಚಿಲಿ, ಏನ್ ಮಾಡ್ಲಿ?" ಎಂದಳು. ಫಲಕವನ್ನು ಇಬ್ಬರ ಮಂಚಗಳ ನಡುವಿನ ಕಿಟಕಿಯಲ್ಲಿಟ್ಟೆವು.

ಓದು ಮುಗಿದ ಮೇಲೆ ಅವಳು ಪಾಠ ಮಾಡಲು ಮಂಗಳೂರಿಗೆ ಹೋದಳು. ನಾನು ಓದಿದ ಊರಿನಲ್ಲೇ ಉಳಿದೆ. ಮೊದಮೊದಲು ದಿನವೂ ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅದೂ ನಿಂತಿತು.

ಒಂದು ಸಂಜೆ ಶ್ರೀರಾಂಪುರದ ಬಸ್ಸಿಗೆ ಕಾಯುತ್ತಿದ್ದಾಗ ಫೋನಿನಲ್ಲಿ ಸುದ್ದಿ ಕಂಡೆ. ಸಮುದ್ರದ ಮೊಕದ್ದಮೆಯಲ್ಲಿ ಬೊಲಿವಿಯಾ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲೂ ಸೋತಿತ್ತು. ಮನೆಯವರೇ ಸೋತಷ್ಟು ಸಂಕಟವಾಯಿತು. ಅದೇ ಹೊತ್ತಿಗೆ, ಎಷ್ಟೋ ವರ್ಷಗಳ ಮೇಲೆ, ಅವಳ ಮೆಸೇಜು ಬಂತು: "ಕೋರ್ಟು ಏನಾದ್ರೂ ಹೇಳ್ಕೊಳ್ಳಲಿ, ನೀನ್ ಬಂದ್ಬುಡೇ. ನಮ್ಮನೆ ಹಿಂದೇನೇ ಸಮುದ್ರ ಇದೆ."

ಒಂದು ಅಂಗುಲವೂ ಇಲ್ಲ ಅಂದಿದ್ದೆಯಲ್ಲ ಎಂದು ಬರೆದು, ಕಳಿಸದೆ ಅಳಿಸಿದೆ. ಬರ್ತೀನಿ ಎಂದಷ್ಟೇ ಕಳಿಸಿದೆ.

ಸಮುದ್ರವನ್ನು ನಾನಿನ್ನೂ ನೋಡಿಲ್ಲ.