ಗಡಿಯಾರ ಹಿಡಿದು ಕೂತ ಸಂಜೆಗಳು

೨೦೦೮, ಏಪ್ರಿಲ್ ೨೦, ಭಾನುವಾರ. ಬೆಳಿಗ್ಗೆ ಆರೂವರೆಗೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ನಿನ್ನೆ ತಂಗಿ ಪೆನ್ಸಿಲ್ ಹೆರೆಯುತ್ತಿದ್ದಳು. ಆ ಕಟ್ಟಿಗೆಯ ವಾಸನೆಗೆ ರಾಮದುರ್ಗದ ನಮ್ಮ ಎದುರುಮನೆಯ ಅಕ್ಕ ಕಣ್ಣಮುಂದೆ ಬಂದಳು...

೨೦೦೧ರಲ್ಲಿ ಅವಳು ಪಿಯುಸಿ ಎರಡನೆಯ ವರ್ಷ, ನಾನು ಹತ್ತನೆಯ ತರಗತಿ. ಅವಳಿಗೆ ಆರ್ಕಿಟೆಕ್ಟ್ ಆಗಬೇಕಿತ್ತು. ಪ್ರವೇಶಕ್ಕೆ ಚಿತ್ರದ ಪರೀಕ್ಷೆ ಇರುತ್ತದೆ ಎಂದು ಯಾರೋ ಹೇಳಿದ್ದರು. ಅದೊಂದು ಗೆದ್ದರೆ ಸಾಕೆಂದು ಇಬ್ಬರೂ ನಂಬಿದ್ದೆವು. ದಿನಾ ಸಂಜೆ ಅವರ ಮಾಳಿಗೆಯ ಮೇಲೆ ನಾನು ವಿಷಯ ಕೊಡುತ್ತಿದ್ದೆ: ಸಂತೆಯ ಕೊಡೆಗಳು, ಮಲಪ್ರಭೆಯ ಸೇತುವೆ, ಬೋರಲು ಬಿದ್ದ ಬಕೆಟ್. ಗಡಿಯಾರ ಹಿಡಿದು ಕೂಡುವವಳೂ ನಾನೇ. ಎಷ್ಟು ಹೊತ್ತು ಹಿಡಿಯಿತೆಂದು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ.

"ಅಕ್ಕೋರ, ಇನ್ನೊಂದೈದು ನಿಮಿಷ ಕೊಡ್ರಿ" ಎಂದು ಶಾಲೆಯ ಶಿಕ್ಷಕಿಯನ್ನು ಬೇಡುವ ಹಾಗೆ ಬೇಡುತ್ತಿದ್ದಳು. ನಾನು ಕೊಡುತ್ತಿರಲಿಲ್ಲ.

ಅವಳದು ಹೆಣ್ಣುಮಕ್ಕಳ ಕಾಲೇಜು. ಅಲ್ಲಿ ವಿಜ್ಞಾನ ಓದುವವರು ಗಣಿತದ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. ಅದನ್ನು ಆರಿಸಿದ್ದು ಅವಳಪ್ಪ. "ಮನಿ ಕಟ್ಟೂದು ಆಮ್ಯಾಲೆ, ಮದಲ ಮನಿ ನಡಸೂದು ಕಲಿಯವಾ" ಎಂದು ನಕ್ಕಿದ್ದರಂತೆ. ಗಣಿತದ ಕಾಟ ತಪ್ಪಿತೆಂದು ಅವಳೂ ನಕ್ಕಿದ್ದಳಂತೆ.

ಫಲಿತಾಂಶ ಬಂದ ಮೇಲೆ ಅರ್ಜಿ ತರಲು ಅವಳಪ್ಪನ ಜೊತೆ ಧಾರವಾಡಕ್ಕೆ ಹೋದೆವು. ಚಿತ್ರಗಳ ಸುರುಳಿಯನ್ನೂ ಅವಳು ಹಿಡಿದು ಬಂದಿದ್ದಳು. ಅರ್ಜಿ ಕೊಡುವ ಕಿಟಕಿಯೊಳಗಿನವರು ಅಂಕಪಟ್ಟಿ ನೋಡಿದರು.

"ಗಣಿತ ಎಲ್ಲೈತಿ ತಂಗಿ?"

"ಚಿತ್ರ ಛಲೋ ತಗೀತೇನ್ರಿ. ಬೇಕಾದ್ರ ನೋಡ್ರಿ."

"ತಗೀತಿರಬೇಕವಾ. ಆದ್ರ ಪಿಯುಸಿ ಒಳಗ ಗಣಿತ ಇರದಿದ್ರ ಈ ಕೋರ್ಸಿಗೆ ಅರ್ಜೀನ ಹಾಕಾಕ ಬರೂದಿಲ್ಲ. ಮತ್ತ ಮದಲಿಂದ ಪಿಯುಸಿ ಮಾಡಬೇಕು."

ವಾಪಸು ಬರುವಾಗ ಬಸ್ಸು ಸವದತ್ತಿ ದಾಟಿತು. ಆಮೇಲೆ ಅವಳು, "ಅಪ್ಪಾ, ಇನ್ನೆರಡು ವರ್ಷ..." ಎಂದಳು.

"ಇನ್ನೆರಡು ವರ್ಷಕ್ಕ ನಾ ಅಜ್ಜ ಆಗಿರಬೇಕು" ಎಂದರು ಅಪ್ಪ. ಈ ಸಲ ಅವಳು ನಗಲಿಲ್ಲ.

ಅಂದು ಸಂಜೆಯೂ ಮಾಳಿಗೆಗೆ ಕರೆದಳು. ಬಸ್ಸಿನ ಕಿಟಕಿ ಬರೆಯಲು ಹೇಳಿ ಗಡಿಯಾರ ತೆಗೆದೆ. ಅದರ ಮೇಲೆ ಅಂಗೈ ಇಟ್ಟು, "ಇನ್ನ ಟೈಮ್ ನೋಡಬ್ಯಾಡ" ಎಂದಳು. ಕತ್ತಲಾಗುವವರೆಗೆ ಕಿಟಕಿಯ ಸರಳುಗಳನ್ನೇ ಎಳೆಯುತ್ತಿದ್ದಳು... ಸರಳುಗಳಾಚೆ ಏನನ್ನೂ ಬರೆಯಲಿಲ್ಲ.

ದೀಪಾವಳಿ ಮುಗಿದದ್ದೇ ಬೈಲಹೊಂಗಲದ ಕಡೆ ಮದುವೆ ಮಾಡಿಕೊಟ್ಟರು. ಮರುವರ್ಷ ಅವಳ ತವರಿನವರೂ ಊರು ಬಿಟ್ಟರು. ಹೆರಿಗೆಯಲ್ಲಿ ತೀರಿಕೊಂಡಳೆಂದು ಒಬ್ಬರು, ಇಲ್ಲ, ಇದ್ದಾಳೆಂದು ಇನ್ನೊಬ್ಬರು...

ನನ್ನ ತಂಗಿಗೆ ಪಿಯುಸಿಯಲ್ಲಿ ಗಣಿತ ಇದೆ. ನಾನೇ ಹಟ ಹಿಡಿದು ಕೊಡಿಸಿದ್ದು. ನಿನ್ನೆ ಅವಳು ಹಾಳೆ ಹರವಿಕೊಂಡು "ಅಕ್ಕಾ, ಟೈಮ್ ನೋಡ" ಎಂದಾಗ ಗಡಿಯಾರ ಮುಟ್ಟಲಾಗಲಿಲ್ಲ.

ಬೈಲಹೊಂಗಲದ ಕಡೆ, ರಾಮದುರ್ಗ ತವರಿನ, ಪೆನ್ಸಿಲಿನಲ್ಲಿ ಚಿತ್ರ ಬರೆಯುವ ಹೆಂಗಸನ್ನು ಬಲ್ಲವರಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಅವಳು ಇಲ್ಲವಾಗಿದ್ದರೆ ಅದನ್ನಾದರೂ ಬರೆಯಿರಿ.